ದೀರ್ಘ ಸಮುದ್ರಯಾನದ ಕೊನೆಯಲ್ಲಿ ನೆಲವನ್ನು ಗುರುತಿಸುವ ಬಗೆ: 1498–99ರ ಎರಡು ನಿದರ್ಶನಗಳು

ವಾಸ್ಕೋ ಡ ಗಾಮನು 1498ರಲ್ಲಿ ಭಾರತಕ್ಕೆ ಜಲಮಾರ್ಗವನ್ನು ಕಂಡುಹಿಡಿದನೆಂದು ನಾವು ತರಗತಿಗಳಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೇವೆ. ಅದೇ ವಾಕ್ಯವು ಉತ್ತರಪತ್ರಿಕೆಗಳ ಮೂಲಕ ನಮಗೆ ಹಿಂದಿರುಗುತ್ತದೆ. ಆದರೆ ಹಾಯಿಹಡಗಿನಲ್ಲಿ ವಾರಗಟ್ಟಲೆ ನೀರನ್ನೇ ನೋಡುತ್ತ ಬಂದ ನಾವಿಕನ ಪಾಲಿಗೆ ಕಂಡುಹಿಡಿಯುವುದೆಂದರೆ ಏನೆಂಬ ಪ್ರಶ್ನೆಯನ್ನು ನಾವು ಎತ್ತುವುದು ಅಪರೂಪ. ನೆಲವು ಕಣ್ಣಿಗೆ ಬೀಳುವುದು ಒಂದು ಸಂಗತಿ. ಹಾಗೆ ಕಂಡ ನೆಲವು ಯಾವುದೆಂದು ತಿಳಿಯುವುದು ಮತ್ತೊಂದು. ಈ ಎರಡರ ಅಂತರವನ್ನು ಆ ಯಾನದ ವೃತ್ತಾಂತದಿಂದಲೇ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಗಾಮನ ನೌಕಾಪಡೆಯಲ್ಲಿದ್ದ ಅನಾಮಧೇಯನೊಬ್ಬನ ದಿನಚರಿಯು ಇದಕ್ಕೆ ಮುಖ್ಯ ಆಧಾರ.

ಮೊದಲು ತೊಡಕಿನ ಸ್ವರೂಪವನ್ನು ತಿಳಿಯೋಣ. ಆ ಕಾಲದ ನಾವಿಕನು ಅಕ್ಷಾಂಶವನ್ನು ಬಹುಮಟ್ಟಿಗೆ ಸರಿಯಾಗಿ ಅಳೆಯಬಲ್ಲವನಾಗಿದ್ದನು. ಅರಬ್ಬೀ ಸಮುದ್ರದಲ್ಲಿ ಇದಕ್ಕೆ ಬಳಕೆಯಲ್ಲಿದ್ದ ಸಾಧನವು 'ಕಮಾಲ್'. ಅದು ಗಂಟುಗಳನ್ನು ಹಾಕಿದ ದಾರಕ್ಕೆ ಕಟ್ಟಿದ ಒಂದು ಚಿಕ್ಕ ಹಲಗೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ನಕ್ಷತ್ರದ ಎತ್ತರವು ತಿಳಿಯುವುದು; ಆ ಎತ್ತರವನ್ನು 'ಬೆರಳು'ಗಳಲ್ಲಿ ಎಣಿಸುತ್ತಿದ್ದರು. ಆದರೆ ರೇಖಾಂಶವನ್ನು, ಎಂದರೆ ಪೂರ್ವಪಶ್ಚಿಮವಾಗಿ ಎಷ್ಟು ದೂರ ಬಂದೆವೆಂಬುದನ್ನು, ಕಡಲಿನ ಮೇಲೆ ನಂಬಿಕೆಯಿಂದ ಗೊತ್ತುಮಾಡುವ ಸಾಧನವು 18ನೆಯ ಶತಮಾನದವರೆಗೂ ಇರಲಿಲ್ಲ. ಆದಕಾರಣ ಪೂರ್ವಕ್ಕೆ ಸಾಗುವ ಹಡಗಿಗೆ ಭಾರತದ ತೀರವು ನಾಳೆ ಬರುವುದೋ ವಾರದ ಮೇಲೆ ಬರುವುದೋ ಎಂಬುದು ಅಂದಾಜಿನ ಮಾತೇ ಆಗಿತ್ತು. ನೈಋತ್ಯ ಮಾರುತವು ಬೀಸತೊಡಗಿದ ಮೇಲಂತೂ ಗಾಳಿಯು ಹಡಗನ್ನು ತೀರದ ಕಡೆಗೇ ನೂಕುವುದರಿಂದ, ಕತ್ತಲೆಯಲ್ಲಿ ಅರಿಯದೆ ದಡವನ್ನು ಸಮೀಪಿಸಿದ ಹಾಯಿಹಡಗು ಹಿಂದಕ್ಕೆ ತಿರುಗಿಕೊಳ್ಳುವುದು ಕಷ್ಟವಾಗಿತ್ತು.

ಈ ಕೊರತೆಯನ್ನು ತುಂಬಿದ್ದು ಚಿಹ್ನೆಗಳ ಶಾಸ್ತ್ರ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ಗ್ರಂಥವಾದ 'ಪೆರಿಪ್ಲಸ್' ಭಾರತದ ತೀರವು ಸಮೀಪಿಸಿತೆಂಬುದಕ್ಕೆ ನೀರಿನ ಮೇಲೆ ಕಾಣುವ ಹಾವುಗಳನ್ನು ಗುರುತಾಗಿ ಹೇಳುತ್ತದೆ. ಸಿಂಧೂ ಮುಖದ ಬಳಿಯ ಹಾವುಗಳಿಗೂ ಮಲಬಾರಿನ ಹಾವುಗಳಿಗೂ ಇರುವ ಭೇದವನ್ನೂ ಸೂಚಿಸುತ್ತದೆ. ಕಡಲಹಾವುಗಳಲ್ಲಿ ಹೆಚ್ಚಿನವು ತೀರಕ್ಕೆ ಹೊಂದಿದ ಆಳವಿಲ್ಲದ ನೀರಿನಲ್ಲಿ ವಾಸಿಸುವುದರಿಂದ ಈ ಗುರುತಿಗೆ ನಿಜವಾದ ಆಧಾರವುಂಟು. ನಡುಗಡಲಿನಲ್ಲಿ ಹಕ್ಕಿಯನ್ನು ಹಾರಬಿಟ್ಟು, ಅದು ಹಿಂದಿರುಗದಿದ್ದರೆ ನೆಲವು ಹತ್ತಿರವಿದೆಯೆಂದು ತಿಳಿಯುವ ಪದ್ಧತಿಯು ಪಾಲಿ ದೀಘನಿಕಾಯದಲ್ಲಿ ಉಪಮಾನವಾಗಿ ಬಂದಿದೆ. ಸುಮಾರು 1490ರಲ್ಲಿ 'ಕಿತಾಬ್ ಅಲ್-ಫವಾಯಿದ್' ಎಂಬ ನೌಕಾಶಾಸ್ತ್ರ ಗ್ರಂಥವನ್ನು ಬರೆದ ಇಬ್ನ್ ಮಾಜಿದನೂ ಇಂತಹ ಚಿಹ್ನೆಗಳಿಗೆ ಮಹತ್ತ್ವವನ್ನು ಕೊಟ್ಟಿದ್ದಾನೆ. ಕೊನೆಯ ಪರೀಕ್ಷೆ ಸೀಸದ ಗುಂಡಿನದು: ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಆಳವನ್ನು ಮಾರುಗಳಲ್ಲಿ ಅಳೆಯುತ್ತಿದ್ದರು. ಗುಂಡು ತಳಕ್ಕೆ ತಾಗಿತೆಂದರೆ ನೆಲವು ದೂರವಿಲ್ಲವೆಂದು ಅರ್ಥ.

ಈಗ ಮೊದಲನೆಯ ನಿದರ್ಶನ. ಗಾಮನ ಹಡಗುಗಳು ಆಫ್ರಿಕದ ಪೂರ್ವತೀರದ ಮಾಲಿಂದಿಯನ್ನು 1498ರ ಏಪ್ರಿಲ್ 24ರಂದು ಬಿಟ್ಟವು. ಅಲ್ಲಿಯ ಅರಸನು ಅವರಿಗೆ ಮಾರ್ಗದರ್ಶಿ ನಾವಿಕನೊಬ್ಬನನ್ನು ಒದಗಿಸಿದ್ದನು. ಈತನೇ ಇಬ್ನ್ ಮಾಜಿದನೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು; ಆದರೆ ಪೋರ್ಚುಗೀಸ್ ಇತಿಹಾಸಕಾರರು ಅವನನ್ನು ಗುಜರಾತಿನವನೆಂದು ಹೇಳಿರುವುದರಿಂದ ಹಲವು ವಿದ್ವಾಂಸರು ಆ ಮಾತನ್ನು ಒಪ್ಪುವುದಿಲ್ಲ. ಇಪ್ಪತ್ತಮೂರು ದಿನ ನೆಲವೇ ಕಾಣದೆ ಸಾಗಿದ ಮೇಲೆ ಮೇ 18ರಂದು ಎತ್ತರವಾದ ಬೆಟ್ಟಗಳು ಕಂಡವು. ಗುಂಡು 45 ಮಾರು ಆಳದಲ್ಲಿ ತಳಮುಟ್ಟಿತು. ಆ ರಾತ್ರಿ ಹಡಗುಗಳು ತೀರದಿಂದ ದೂರ ಸರಿದುವೆಂದು ದಿನಚರಿ ಹೇಳುತ್ತದೆ. ಇದು ಹೆದರಿಕೆಯಲ್ಲ, ವಿವೇಕ. ಮರುದಿನ ಮತ್ತೆ ತೀರದ ಬಳಿಗೆ ಬಂದರೂ ಗುಡುಗುಮಳೆಯಲ್ಲಿ ಮಾರ್ಗದರ್ಶಿಗೆ ಸ್ಥಳವು ತಿಳಿಯಲಿಲ್ಲ. 20ರಂದು ಬೆಟ್ಟಗಳು ಸ್ಪಷ್ಟವಾಗಿ ಕಂಡಾಗ, ಇವು ಕಲ್ಲಿಕೋಟೆಯ ಮೇಲಣ ಬೆಟ್ಟಗಳೆಂದು ಅವನು ಹೇಳಿದನು. ಅಂದು ಸಂಜೆಯೂ ಅವನು ಕಪ್ಪಾಡ್ ಎಂಬ ಊರನ್ನೇ ಕಲ್ಲಿಕೋಟೆಯೆಂದು ಭಾವಿಸಿದ್ದರಿಂದ ಲಂಗರು ಸ್ವಲ್ಪ ದೂರದಲ್ಲಿ ಬಿದ್ದಿತು. ನೆಲವನ್ನು ಕಂಡದ್ದಕ್ಕೂ ಗುರುತಿಸಿದ್ದಕ್ಕೂ ನಡುವೆ ಹೀಗೆ ಎರಡು ದಿನಗಳು ಕಳೆದವು. ಅದೂ ಆ ತೀರವನ್ನು ಬಲ್ಲವನು ಹಡಗಿನಲ್ಲಿದ್ದಾಗ.

ಎರಡನೆಯ ನಿದರ್ಶನವು ಹಿಂದಿರುಗುವಾಗಿನದು. ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡು ಗಾಮನು ಅಕ್ಟೋಬರ್ 5ರಂದು ಹೊರಟನು. ಪಶ್ಚಿಮಕ್ಕೆ ಒಯ್ಯಬಲ್ಲ ಈಶಾನ್ಯ ಮಾರುತವು ಆಗ ಇನ್ನೂ ನೆಲೆಗೊಂಡಿರಲಿಲ್ಲ. ಗಾಳಿಯಿಲ್ಲದೆಯೂ ಎದುರುಗಾಳಿಯಿಂದಲೂ ಯಾನವು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡುಗಳು ಊದಿ ಮೈ ಬಾಯುವ ಸ್ಕರ್ವಿ ರೋಗದಿಂದ ಮೂವತ್ತು ಮಂದಿ ಸತ್ತರು. ಹಡಗೊಂದಕ್ಕೆ ಕೆಲಸಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. 1499ರ ಜನವರಿ 2ರಂದು ನೆಲವೇನೋ ಕಂಡಿತು. ಆದರೆ ತಾವೆಲ್ಲಿರುವೆವೆಂದು ಹೇಳಬಲ್ಲವನು ಹಡಗಿನಲ್ಲಿ ಒಬ್ಬನೂ ಇರಲಿಲ್ಲ. ಕೆಲವರು ಮೊಜಾಂಬಿಕ್ ಬಳಿಯ ದ್ವೀಪಗಳಿರಬೇಕೆಂದು ಊಹಿಸಿದರು. ಅದು ನಿಜವಾಗಿ ಬಹಳ ಉತ್ತರದಲ್ಲಿದ್ದ ಮೊಗದಿಶುವಿನ ತೀರ. ಹಡಗುಗಳು ಮಾಲಿಂದಿಗೆ ಸೇರಿದ್ದು 7ರಂದು. ನಡೆಸಲು ಜನ ಸಾಲದೆ 'ಸಾವೋ ರಾಫೆಲ್' ಎಂಬ ಹಡಗನ್ನು ಅದೇ ತಿಂಗಳಲ್ಲಿ ಸುಟ್ಟುಬಿಡಬೇಕಾಯಿತು.

ಹಡಗುಗಳು ಅವೇ, ನಾಯಕನು ಅವನೇ, ಸಮುದ್ರವೂ ಅದೇ. ಹೋಗುವಾಗ ಮಾರುತದ ಕಾಲವನ್ನೂ ತೀರದ ಗುರುತುಗಳನ್ನೂ ಬಲ್ಲವನೊಬ್ಬನು ಜೊತೆಗಿದ್ದನು. ಬರುವಾಗ ಅಂಥವನು ಇರಲಿಲ್ಲ. ಆಫ್ರಿಕದ ದಕ್ಷಿಣ ತುದಿಯನ್ನು ಸುತ್ತಿ ಯೂರೋಪನ್ನು ಈ ಕಡಲಿಗೆ ಜೋಡಿಸಿದ್ದು ಗಾಮನ ನಿಜವಾದ ಸಾಧನೆ. ಅದನ್ನು ಕಡಿಮೆಮಾಡಿ ಹೇಳಲು ನಮಗೆ ಇಷ್ಟವಿಲ್ಲ. ಆದರೆ ಮಾಲಿಂದಿಯಿಂದ ಕಲ್ಲಿಕೋಟೆಯವರೆಗಿನ ದಾರಿಯನ್ನು ಕಂಡುಹಿಡಿದವನು ಅವನಲ್ಲ. ಅದು ಅನೇಕ ತಲೆಮಾರುಗಳ ನಾವಿಕರು ಹಾವು, ಹಕ್ಕಿ, ನಕ್ಷತ್ರ, ಬೆಟ್ಟಗಳ ಮೂಲಕ ಕಲಿತು, ಒಬ್ಬರಿಂದೊಬ್ಬರಿಗೆ ದಾಟಿಸಿದ ವಿದ್ಯೆ. ಆ ಮಾರ್ಗದರ್ಶಿಯ ಹೆಸರು ಇಂದಿಗೂ ವಿವಾದದಲ್ಲಿರುವುದು, ಲಿಖಿತ ಆಧಾರಗಳನ್ನಷ್ಟೇ ನೆಚ್ಚುವ ನಮ್ಮ ಇತಿಹಾಸಲೇಖನದ ಕೊರತೆಯನ್ನೂ ತೋರಿಸುತ್ತದೆ. ಇನ್ನು ಮುಂದೆ ಈ ಪಾಠವನ್ನು ಹೇಳುವಾಗ ನಾವು ಮೇ 18ರ ಜೊತೆಗೆ ಜನವರಿ 2ನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಕಂಡುಹಿಡಿದನೆಂಬ ಮಾತಿನಲ್ಲಿ ಯಾರ ಪಾಲು ಎಷ್ಟೆಂಬುದನ್ನು ಅವರೇ ಅಳೆದುಕೊಳ್ಳಬಲ್ಲರು.