ಬಂಗಾರ ಬಂಗಾಲವಾದ ಬಗೆ

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದೇ ಮನೆಯ ಮದುವೆಗೆ ಎರಡು ಲಿಪಿಯಲ್ಲಿ ಲಗ್ನಪತ್ರಿಕೆ ಹಾಕಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿ ಕೆಲಸಕ್ಕೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್ ಕಡೆಯ ತಮಿಳರು, ಚಿತ್ತೂರು ಕಡೆಯ ತೆಲುಗರು ಬಂದು ನೆಲೆಸಿದ, ಕೆಜಿಎಫ್ ಎಂದು ಕರೆಯುವ ಕೋಲಾರ ಚಿನ್ನದ ಗಣಿ ಪ್ರದೇಶದ ಊರುಗಳಲ್ಲೊಂದು ಇದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಲಿಪಿಗಳ ವ್ಯವಹಾರ ಮಾತ್ರ ಹಾಗೇ ನಡೆದುಕೊಂಡು ಬಂದಿದೆ.

ಈಗ ಒಂದು ಕೆಲಸ ಬಂತು ಎಂದಿಟ್ಟುಕೊಳ್ಳಿ. ನೂರಾರು ಹೆಸರು, ಊರು, ಬೀದಿಗಳ ಪಟ್ಟಿಯೊಂದು ತೆಲುಗಿನಲ್ಲಿದೆ, ಅದು ಕನ್ನಡ ಅಕ್ಷರದಲ್ಲಿ ಬೇಕು. ಅರ್ಥ ಬದಲಾಗಬೇಕಿಲ್ಲ, ಉಚ್ಚಾರಣೆಯೂ ಬದಲಾಗಬೇಕಿಲ್ಲ. ‘ಕ’ ಇದ್ದಲ್ಲಿ ‘ಕ’ ಬರಬೇಕು, ಅಷ್ಟೆ. ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವ ಸಲಕರಣೆ ಪ್ರತಿಯೊಂದು ಲಿನಕ್ಸ್ ಗಣಕದಲ್ಲೂ ಇದೆ. ಹೆಸರು ಟಿಆರ್, ಎರಡೇ ಅಕ್ಷರ. ಮೌಸಿಗೆ ಸಿಗುವುದಿಲ್ಲ; ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಟೈಪ್ ಮಾಡಿ ಕರೆಯಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಗೆ ಹಿರಿಯನಾದ ಯೂನಿಕ್ಸ್ ರೂಪುಗೊಳ್ಳುತ್ತಿದ್ದಾಗ, 1973ರ ಸುಮಾರಿಗೆ, ಡಗ್ಲಸ್ ಮೆಕಿಲ್‌ರಾಯ್ ಬರೆದ ಪುಟ್ಟ ಪ್ರೋಗ್ರಾಮ್ ಇದು. ಅದಕ್ಕೆ ಎರಡು ಸಾಲು ಕೊಡಬೇಕು. ಮೊದಲ ಸಾಲಿನ ಮೊದಲ ಅಕ್ಷರ ಎಲ್ಲೆಲ್ಲಿ ಕಂಡರೂ ಅಲ್ಲಿ ಎರಡನೆಯ ಸಾಲಿನ ಮೊದಲ ಅಕ್ಷರ, ಎರಡನೆಯದರ ಜಾಗಕ್ಕೆ ಎರಡನೆಯದು, ಹೀಗೆ. ಅಕ್ಕಪಕ್ಕ ಏನಿದೆ ಎಂದು ತಿರುಗಿಯೂ ನೋಡುವುದಿಲ್ಲ. ಬೇಡದ ಅಕ್ಷರಗಳನ್ನು ಅಳಿಸು ಎಂದರೆ ಅಳಿಸುತ್ತದೆ. ಒಂದೇ ಅಕ್ಷರ ಸಾಲಾಗಿ ಬಂದಿದ್ದರೆ ಒಂದಕ್ಕೆ ಇಳಿಸುತ್ತದೆ. ‘ಇವನ್ನು ಬಿಟ್ಟು ಮಿಕ್ಕಿದ್ದೆಲ್ಲ’ ಎಂದು ತಿರುಗಿಸಿ ಹೇಳಿದರೂ ಅದಕ್ಕೆ ಗೊತ್ತಾಗುತ್ತದೆ.

ಇಷ್ಟರಿಂದ ಏನು ಮಹಾ ಆದೀತು ಎನ್ನುವವರಿಗೆ 1986ರ ಒಂದು ಪ್ರಸಂಗ ಹೇಳಬೇಕು. ಬರಹವೊಂದರಲ್ಲಿ ಅತಿ ಹೆಚ್ಚು ಸಲ ಬರುವ ಪದಗಳನ್ನು ಎಣಿಸಿ ಪಟ್ಟಿ ಮಾಡುವ ಪ್ರೋಗ್ರಾಮ್ ಬರೆದುಕೊಡಿ ಎಂದು ಗಣಕ ವಿಜ್ಞಾನಿ ಜಾನ್ ಬೆಂಟ್ಲಿ ತಮ್ಮ ಪತ್ರಿಕಾ ಅಂಕಣಕ್ಕಾಗಿ ಇನ್ನೊಬ್ಬ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರನ್ನು ಕೇಳಿದರು. ಕ್ನೂತ್ ಪುಟಗಟ್ಟಲೆ ಬರೆದ ಪ್ರೋಗ್ರಾಮ್ ಕುಸುರಿ ಕೆಲಸದಂತಿತ್ತು. ವಿಮರ್ಶೆ ಬರೆಯಲು ಕೂತ ಮೆಕಿಲ್‌ರಾಯ್ ಅದನ್ನು ಹೊಗಳಿ, ಕೊನೆಗೆ ಅದೇ ಕೆಲಸವನ್ನು ಆರು ಸಾಲಿನ ಆದೇಶಗಳಲ್ಲಿ ಮುಗಿಸಿ ತೋರಿಸಿದರು. ಅದರ ಮೊದಲ ಎರಡು ಸಾಲೂ ಟಿಆರ್: ಇಂಗ್ಲಿಷ್ ಅಕ್ಷರಗಳಲ್ಲದ್ದನ್ನೆಲ್ಲ ಹೊಸ ಸಾಲಿನ ಗುರುತಾಗಿಸುವುದು, ಆಮೇಲೆ ದೊಡ್ಡಕ್ಷರಗಳನ್ನು ಸಣ್ಣದಾಗಿಸುವುದು. ಹೊಗಳಿಕೆಯ ಜೊತೆ ಇಷ್ಟು ನಯವಾದ ಕುಟುಕು ಬೇರೆಲ್ಲೂ ಓದಿದ ನೆನಪಿಲ್ಲ.

ಆದರೆ ಆ ಆರು ಸಾಲಿಗೆ ಇದೇ ಲೇಖನವನ್ನು ಕೊಟ್ಟರೆ ಒಂದು ಪದವೂ ಹೊರಗೆ ಬರುವುದಿಲ್ಲ. ‘ಇಂಗ್ಲಿಷ್ ಅಕ್ಷರಗಳಲ್ಲದ್ದು’ ಎಂಬ ಜರಡಿಯಲ್ಲಿ ಕನ್ನಡವಿಡೀ ಕಸ.

ಅಷ್ಟೇ ಆಗಿದ್ದರೆ ಜರಡಿ ಬದಲಿಸಿದರೆ ಮುಗಿಯಿತು. ತೊಡಕು ಇನ್ನೂ ಒಳಗಿದೆ. ಗಣಕಕ್ಕೆ ಅಕ್ಷರವೆಂದರೆ ಸಂಖ್ಯೆ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುತ್ತದೆ, ಇಂಗ್ಲಿಷಿಗೆ ಅದು ಧಾರಾಳ. ಲೋಕದ ಲಿಪಿಗಳನ್ನೆಲ್ಲ ಹಿಡಿಸಲು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಎಂಬ ಬರೆಯುವ ಕ್ರಮ ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್, ಕನ್ನಡದ ಪ್ರತಿ ಸಂಕೇತಕ್ಕೂ ಮೂರು. ಟಿಆರ್ ಅದಕ್ಕಿಂತ ಹಳೆಯದು. ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಅದರ ಗ್ನೂ ರೂಪ ಇವತ್ತಿಗೂ ಬೈಟ್‌ಗಳನ್ನೇ ಅಕ್ಷರವೆಂದು ಎಣಿಸುತ್ತದೆ. ಆಪಲ್ ಗಣಕಗಳಲ್ಲಿರುವ ರೂಪಕ್ಕೆ ಈ ಬಾಧೆ ಇಲ್ಲ.

ಪರಿಣಾಮ ನೋಡಬೇಕಾದರೆ ದರಪಟ್ಟಿಯೊಂದರ ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿಸಲು ಹೊರಡಿ. ಮೊದಲ ಸಾಲಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಕನ್ನಡದ ಹತ್ತು ಅಂಕಿ, ಎರಡನೆಯದರಲ್ಲಿ ಇಂಗ್ಲಿಷಿನ ಹತ್ತು. ನಮ್ಮ ಕಣ್ಣಿಗೆ ಹತ್ತಕ್ಕೆ ಹತ್ತು ಸರಿಹೊಂದಿತು. ಟಿಆರ್ ಕಣ್ಣಿಗೆ ಮೂವತ್ತಕ್ಕೆ ಹತ್ತು. ಕಡಿಮೆ ಬಿದ್ದ ಇಪ್ಪತ್ತು ಜಾಗಕ್ಕೂ ಅದು ಕೊನೆಯ 9ನ್ನೇ ತುಂಬಿಕೊಳ್ಳುತ್ತದೆ. ೪೫ ರೂಪಾಯಿಯ ಸಾಮಾನು 999999 ರೂಪಾಯಿ ಆಗುತ್ತದೆ. ತಪ್ಪಾಯಿತು ಎಂಬ ಎಚ್ಚರಿಕೆಯೂ ಇಲ್ಲ.

ಇದಕ್ಕೊಂದು ಹಳ್ಳಿಮದ್ದು ಇದೆ. ಕನ್ನಡ ಅಂಕಿಗಳ ಮೊದಲೆರಡು ಬೈಟ್ ಯಾವಾಗಲೂ 224 ಮತ್ತು 179. ಮೂರನೆಯದು ಸೊನ್ನೆಗೆ 166, ಒಂಬತ್ತಕ್ಕೆ 175. ಕಡತದಲ್ಲಿ ಬರೀ ಅಂಕಿಗಳೇ ಇದ್ದರೆ 224, 179ನ್ನು ಅಳಿಸಿ, ಉಳಿದದ್ದನ್ನು ಸಾಲಾಗಿ ಹೊಂದಿಸಿದರೆ ಲೆಕ್ಕ ಸರಿಬರುತ್ತದೆ. ನಡುವೆ ಒಂದು ‘ರೂ’ ಇದ್ದರೂ ಕೆಟ್ಟಿತು.

ಟಿಆರ್ ಕನ್ನಡಕ್ಕೆ ಆಗಿಬರುವುದೇ ಇಲ್ಲ ಎಂದಲ್ಲ. ಹೆಚ್ಚಾದ ಸ್ಪೇಸ್, ಅಲ್ಪವಿರಾಮ, ವಿಂಡೋಸ್‌ನಿಂದ ಬಂದ ಕಡತಗಳ ಸಾಲಿನ ಕೊನೆಯಲ್ಲಿ ಕಾಣದೆ ಅಂಟಿಕೊಂಡಿರುವ 13 ಎಂಬ ಸಂಕೇತ, ಇವನ್ನು ತೆಗೆಯಲು ನಿರ್ಭಯವಾಗಿ ಬಳಸಬಹುದು. ಯುಟಿಎಫ್-8ರಲ್ಲಿ ಕನ್ನಡದ ಬೈಟ್‌ಗಳೆಲ್ಲ 127ಕ್ಕಿಂತ ದೊಡ್ಡವು, ಇವೆಲ್ಲ ಅದಕ್ಕಿಂತ ಸಣ್ಣವು. ಒಂದಕ್ಕೊಂದು ತಾಗುವುದಿಲ್ಲ.

ಇನ್ನು ನಮ್ಮ ತೆಲುಗು ಪಟ್ಟಿ. ಲೋಕದ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳ ಜೋಡಣೆ ನಮ್ಮ ದೇಶದ್ದೇ ಆದ ಇಸ್ಕಿ ಸಂಕೇತದಿಂದ ಬಂದದ್ದು. ಎಲ್ಲ ಲಿಪಿಗೂ ಒಂದೇ ವರ್ಣಮಾಲೆ, ಒಂದೇ ಅನುಕ್ರಮ ಎಂಬುದು ಅದರ ತಳಹದಿ. ಹೀಗಾಗಿ ತಮಿಳಿನ ‘ಕ’ 2965, ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ಎರಡೆರಡರ ನಡುವೆಯೂ 128ರ ಅಂತರ. ‘ಮ’ ತೆಗೆದುಕೊಳ್ಳಿ, ‘ಸ’ ತೆಗೆದುಕೊಳ್ಳಿ, ಏತ್ವ ತೆಗೆದುಕೊಳ್ಳಿ, ಅದೇ 128. ತೆಲುಗಿಗೆ 128 ಕೂಡಿಸಿದರೆ ಕನ್ನಡ! (ಕನ್ನಡದ ಪಾಲಿನ ಸಂಖ್ಯೆಗಳು ಶುರುವಾಗುವುದು 3200ರಿಂದ. ಚಾಂಪಿಯನ್ ರೀಫ್ ಗಣಿಯ ಆಳವೂ ಸುಮಾರು 3,200 ಮೀಟರ್. ಕಾಕತಾಳೀಯವೇ, ಆದರೂ ಕೆಜಿಎಫ್‌ನವರಿಗೆ ನೆನಪಿಡಲು ಸುಲಭ.)

ಬೈಟ್‌ಗಳಲ್ಲಿ ಇದು ಇನ್ನೂ ಸಲೀಸಾಗಿ ಕಾಣುತ್ತದೆ. ಮೂರೂ ಲಿಪಿಗೆ ಮೊದಲ ಬೈಟ್ 224. ಎರಡನೆಯದು ತೆಲುಗಿಗೆ 176 ಇಲ್ಲವೆ 177, ಕನ್ನಡಕ್ಕೆ 178 ಇಲ್ಲವೆ 179. ಮೂರನೆಯದು ಎರಡರಲ್ಲೂ ಒಂದೇ. 176ನ್ನು 178 ಮಾಡು, 177ನ್ನು 179 ಮಾಡು ಎಂದು ಟಿಆರ್‌ಗೆ ಹೇಳಿದರೆ ಇಡೀ ಪಟ್ಟಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕನ್ನಡದಲ್ಲಿರುತ್ತದೆ.

ಇರುತ್ತದೆ, ಆದರೆ ಹಲ್ಲು ಬಾರದ ಕೂಸಿನ ಮಾತಿನಂತೆ. ತೆಲುಗಿನ ‘ಕೋಲಾರ್’ ಕನ್ನಡಕ್ಕೆ ಬಂದಾಗ ‘ಕೋಲಾಲ್’. ರಾಬರ್ಟ್‌ಸನ್‌ಪೇಟ ‘ಲಾಬಲ್ಟ್‌ಸನ್‌ಪೇಟ’. ಬಂಗಾರಪೇಟ ‘ಬಂಗಾಲಪೇಟ’. ತೆಲುಗಿನ ‘ರ’ದ ಮೂರು ಬೈಟ್‌ಗಳು 224, 176, 176. ಎರಡನೆಯ 176 ಲಿಪಿಯನ್ನು ಸೂಚಿಸುತ್ತದೆ, ಮೂರನೆಯ 176 ಅಕ್ಷರವನ್ನು. ಅಕ್ಕಪಕ್ಕ ನೋಡದ ಟಿಆರ್ ಎರಡನ್ನೂ 178 ಮಾಡಿಬಿಟ್ಟಿತು. 224, 178, 178 ಎಂದರೆ ಕನ್ನಡದ ‘ಲ’. ತೆಲುಗಿನ ನಿಜವಾದ ‘ಲ’ವೂ ಅಲ್ಲಿಗೇ ಬಂದು ಸೇರುವುದರಿಂದ, ಯಾವುದು ಮೊದಲು ‘ರ’ ಆಗಿತ್ತು ಎಂದು ಆಮೇಲೆ ಬೇರ್ಪಡಿಸಲೂ ಆಗದು. ತಮಿಳಿನಿಂದ ಇದೇ ಬಗೆಯಲ್ಲಿ ತಂದರೆ ಪೆಟ್ಟು ಬೀಳುವುದು ‘ಮ’ಕಾರಕ್ಕೆ: ಅಲ್ಲಿನ ಮಾಮಾ ಇಲ್ಲಿ ‘ಲಾಲಾ’.

ಪರಿಹಾರ ಕಷ್ಟವಿಲ್ಲ. ಟಿಆರ್ ಬಿಟ್ಟು ಅದರ ನೆರೆಯ ಸೆಡ್ ಎಂಬ ಸಲಕರಣೆ ಹಿಡಿದು, ಒಂಟಿ 176ನ್ನಲ್ಲ, ‘224ರ ಬೆನ್ನಿಗೆ ಬಂದ 176’ ಎಂಬ ಜೋಡಿಯನ್ನು ಹುಡುಕಿ ಬದಲಿಸು ಎನ್ನಬೇಕು. 177ಕ್ಕೂ ಹಾಗೆಯೇ. 224 ಅಕ್ಷರದ ತಲೆಯಲ್ಲಲ್ಲದೆ ಬೇರೆಲ್ಲೂ ಬರುವುದಿಲ್ಲವಾದ್ದರಿಂದ ಈ ಜೋಡಿ ಎಂದೂ ಮೋಸ ಮಾಡದು. ಬಂಗಾರ ಬಂಗಾರವಾಗಿಯೇ ಉಳಿಯುತ್ತದೆ.

ತಮಿಳಿಗೆ ಮಾತ್ರ ಈ ಜೋಡಿ ಸಾಲದು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಕನ್ನಡದಿಂದ ಅತ್ತ ಹೋಗುವಾಗ ನಾಲ್ಕನ್ನು ಒಂದಕ್ಕೆ ಇಳಿಸಬಹುದು. ಇತ್ತ ಬರುವಾಗ ಆ ಒಂದು ಯಾವುದು ಎಂದು ಪಕ್ಕದ ಅಕ್ಷರ ನೋಡಿಯೇ ಹೇಳಬೇಕು. ಚಿನ್ನಕ್ಕೆ ತಮಿಳರು ಅನ್ನುವುದು ತಂಗಂ, ಎರಡು ಸಲ 128, ಅಂದರೆ 256 ಕೂಡಿಸಿದಾಗ ಬರುವುದು ‘ತಙ್ಕಮ್’.

ಅದಕ್ಕಿಂತ ಸ್ವಾರಸ್ಯದ್ದು ಆ ಭಾಷೆಯ ಹೆಸರಿನದೇ ಕಥೆ. ಅದರ ಕೊನೆಯಲ್ಲಿರುವ, ನಾವು ‘ಳ’ ಎಂದು ತೇಲಿಸುವ ವಿಶಿಷ್ಟ ಅಕ್ಷರಕ್ಕೆ 256 ಕೂಡಿಸಿದರೆ 3252 ಬರುತ್ತದೆ. ಕನ್ನಡದಲ್ಲಿ ಆ ಮನೆ ಖಾಲಿ. ಹಳಗನ್ನಡದಲ್ಲಿ ಇದ್ದ ‘ೞ’ ಯೂನಿಕೋಡ್‌ನಲ್ಲಿ ಕೂತಿರುವುದು ಸಾಲಿನಿಂದಾಚೆ, 3294ರಲ್ಲಿ. ಅದಕ್ಕೆ ಅಲ್ಲಿ ಕೊಟ್ಟ ಹೆಸರು ‘ಕನ್ನಡ ಅಕ್ಷರ ಫ’. ಶುದ್ಧ ತಪ್ಪು. ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಎಂದಿಗೂ ಬದಲಿಸುವುದಿಲ್ಲವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಬರೆದಿಟ್ಟಿದ್ದಾರೆ.