ನೀರಿನಡಿಯ ಉಸಿರಿನ ಲೆಕ್ಕ

ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ, ಅಲೆಗಳಿಂದ ಕೂಗಳತೆಯ ದೂರದಲ್ಲಿ, ಒಂದು ಸಬ್‌ಮರೀನ್ ದಡ ಹತ್ತಿ ನಿಂತಿದೆ. ಹೆಸರು ಐಎನ್‌ಎಸ್ ಕುರ್ಸುರಾ. 91 ಮೀಟರ್ ಉದ್ದದ ಈ ಹಡಗು 1969ರ ಡಿಸೆಂಬರ್‌ನಲ್ಲಿ ಆಗಿನ ಸೋವಿಯತ್ ಒಕ್ಕೂಟದ ರೀಗಾ ಬಂದರಿನಲ್ಲಿ ನಮ್ಮ ನೌಕಾಪಡೆಗೆ ಸೇರಿತು. 31 ವರ್ಷ ದುಡಿದು, ಸುಮಾರು 73,500 ನಾಟಿಕಲ್ ಮೈಲಿ ಸಾಗಿ, 2001ರಲ್ಲಿ ನಿವೃತ್ತಿಯಾಯಿತು. ಮರುವರ್ಷದಿಂದ ಅದು ವಸ್ತುಸಂಗ್ರಹಾಲಯ.

ಸೋವಿಯತ್ ನೌಕಾಪಡೆ ಈ ಜಾತಿಯ ಹಡಗುಗಳನ್ನು ‘ಪ್ರಾಜೆಕ್ಟ್ 641’ ಎಂದು ಕರೆಯುತ್ತಿತ್ತು. ಪಶ್ಚಿಮ ದೇಶಗಳವರು ಇಟ್ಟ ಹೆಸರು ‘ಫಾಕ್ಸ್‌ಟ್ರಾಟ್’. ಭಾರತಕ್ಕೆ ಇಂಥ ಎಂಟು ಬಂದವು. ಮೊದಲನೆಯದು ಕಲ್ವರಿ, ಅದು ಸೇವೆಗೆ ಸೇರಿದ 1967ರ ಡಿಸೆಂಬರ್ 8ನ್ನೇ ನೌಕಾಪಡೆ ಇಂದಿಗೂ ಸಬ್‌ಮರೀನ್ ದಿನವಾಗಿ ಆಚರಿಸುತ್ತದೆ. ಕುರ್ಸುರಾದೊಳಗೆ ತಲೆ ತಗ್ಗಿಸಿ, ದುಂಡನೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಆಚೆ ಬಂದವರು ಬೆರಗಿನಿಂದಲೇ ಬರುತ್ತಾರೆ. ಆದರೆ ಅವರ ಬೆರಗು ಬಹಳ ಸಲ ತಪ್ಪು ಸಂಗತಿಯ ಬಗ್ಗೆ ಇರುತ್ತದೆ. ಟಾರ್ಪಿಡೊ ಕೊಳವೆಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ. ಕಾಲ ಕೆಳಗಿರುವ ಬ್ಯಾಟರಿಯನ್ನು ಯಾರೂ ಕೇಳುವುದಿಲ್ಲ. ಈ ಹಡಗಿನ ಬದುಕೆಲ್ಲ ನಡೆದದ್ದು ಆ ಬ್ಯಾಟರಿಯ ಲೆಕ್ಕದ ಮೇಲೆ.

ತಪ್ಪು ಕಲ್ಪನೆ: ಡೀಸೆಲ್ ಸಬ್‌ಮರೀನ್ ನೀರಿನಡಿಯಲ್ಲಿ ಡೀಸೆಲ್ ಎಂಜಿನ್‌ನಿಂದ ಓಡುತ್ತದೆ.

ಡೀಸೆಲ್ ಉರಿಯಲು ಗಾಳಿ ಬೇಕು. ಮುಚ್ಚಿದ ಹಡಗಿನೊಳಗೆ ಎಂಜಿನ್ ಚಾಲೂ ಮಾಡಿದರೆ ಒಳಗಿನವರ ಉಸಿರಿಗಿರುವ ಗಾಳಿಯನ್ನು ಅದು ಕೆಲವೇ ನಿಮಿಷಗಳಲ್ಲಿ ನುಂಗಿಬಿಡುತ್ತದೆ. ಹಾಗಾಗಿ ಪೂರ್ತಿ ಮುಳುಗಿದ ಮೇಲೆ ಡೀಸೆಲ್ ಎಂಜಿನ್‌ಗಳು ಸುಮ್ಮನಿರುತ್ತವೆ, ಬ್ಯಾಟರಿಯ ವಿದ್ಯುತ್ತಿನಿಂದ ಮೋಟಾರುಗಳು ತಿರುಗುತ್ತವೆ. ಫಾಕ್ಸ್‌ಟ್ರಾಟ್‌ನಲ್ಲಿ ಮೂರು ಡೀಸೆಲ್ ಎಂಜಿನ್, ಮೂರು ಪ್ರೊಪೆಲರ್, ನೆಲದಡಿಯಲ್ಲಿ ಸಾಲುಸಾಲಾಗಿ 448 ಬ್ಯಾಟರಿ ಕೋಶಗಳು. ಮನೆಯ ಯುಪಿಎಸ್‌ನಲ್ಲಿರುವಂಥದೇ ಸೀಸ ಮತ್ತು ಆಮ್ಲದ ಬ್ಯಾಟರಿ, ಗಾತ್ರ ಮಾತ್ರ ದೈತ್ಯ. ಅವು ಖಾಲಿಯಾದಾಗ ಹಡಗು ಮೇಲೆ ಬರಬೇಕು, ಇಲ್ಲವೇ ಪೆರಿಸ್ಕೋಪ್ ಮಟ್ಟಕ್ಕೆ ಏರಿ ಸ್ನಾರ್ಕೆಲ್ ಎಂಬ ಗಾಳಿಕೊಳವೆಯನ್ನು ನೀರಿನಾಚೆ ಚಾಚಬೇಕು. ಆಗ ಎಂಜಿನ್ ಉಸಿರಾಡುತ್ತದೆ, ಬ್ಯಾಟರಿ ತುಂಬುತ್ತದೆ. ಆ ಹೊತ್ತಿನಲ್ಲಿ ಶತ್ರುವಿನ ಕಣ್ಣಿಗೂ ಕಿವಿಗೂ ಹಡಗು ಸಿಕ್ಕುವಂತಾಗುತ್ತದೆ.

ತಪ್ಪು ಕಲ್ಪನೆ: ದೂರಗಾಮಿ ಸಬ್‌ಮರೀನ್ ಎಂದರೆ ನೀರಿನಡಿಯಲ್ಲೇ ದೂರ ಹೋಗುವಂಥದ್ದು.

ಎಲ್ಲ ತಪ್ಪುಗಳ ಬೇರು ಇಲ್ಲಿದೆ ಎಂದು ನನಗನಿಸುತ್ತದೆ. ಫಾಕ್ಸ್‌ಟ್ರಾಟ್ ನೀರಿನ ಮೇಲೆ 8 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರಿನಂತೆ, 20,000 ನಾಟಿಕಲ್ ಮೈಲಿ ಹೋಗಬಲ್ಲದು. ಅದು 37,000 ಕಿಲೋಮೀಟರ್. ಭೂಮಿಗೆ ಹೆಚ್ಚುಕಡಿಮೆ ಒಂದು ಸುತ್ತು. ಅದೇ ಹಡಗು ಮುಳುಗಿ, ಬ್ಯಾಟರಿಯೊಂದನ್ನೇ ನಂಬಿ ಹೊರಟರೆ ಸುಮಾರು 700 ಕಿಲೋಮೀಟರ್. ಬೆಂಗಳೂರಿನಿಂದ ಬೀದರಿಗೆ ಹೋದಷ್ಟು. ಅದೂ 2 ನಾಟ್ ವೇಗದಲ್ಲಿ. ದಾರಿಯಲ್ಲಿ ನಡೆದು ಹೋಗುವವನು ಅದನ್ನು ಹಿಂದೆ ಹಾಕಿಯಾನು. ಅವಸರಪಟ್ಟು ಪೂರ್ಣ ವೇಗದಲ್ಲಿ ಓಡಿದರೆ ಒಂದೆರಡು ಗಂಟೆಯಲ್ಲಿ ಬ್ಯಾಟರಿ ಬರಿದು.

ಮೊದಲ ಕಲ್ವರಿ ರೀಗಾದಿಂದ ಭಾರತಕ್ಕೆ ಬಂದ ದಾರಿಯನ್ನೇ ನೋಡಿ. 1967ರ ಅರಬ್-ಇಸ್ರೇಲ್ ಯುದ್ಧದಿಂದಾಗಿ ಸೂಯೆಜ್ ಕಾಲುವೆ ಮುಚ್ಚಿತ್ತು. ಹಡಗು ಇಡೀ ಆಫ್ರಿಕಾ ಖಂಡವನ್ನು ಬಳಸಿ 1968ರಲ್ಲಿ ವಿಶಾಖಪಟ್ಟಣ ಮುಟ್ಟಿತು. ಅಂಥ ಪ್ರಯಾಣ ಅದಕ್ಕೆ ಸಾಧ್ಯವಾದದ್ದು ಅದರ ಹೊಟ್ಟೆಯಲ್ಲಿದ್ದ ಡೀಸೆಲ್‌ನಿಂದ, ತಲೆಯ ಮೇಲಿದ್ದ ಗಾಳಿಯಿಂದ.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಎಂಬುದಕ್ಕೆ 1962ರ ಅಕ್ಟೋಬರ್ ಸಾಕ್ಷಿ. ಕ್ಷಿಪಣಿಗಳ ಕಾರಣಕ್ಕೆ ಅಮೆರಿಕದೊಡನೆ ಎದ್ದ ಕ್ಯೂಬಾ ಬಿಕ್ಕಟ್ಟಿನ ಹೊತ್ತಿಗೆ ಸೋವಿಯತ್ ಒಕ್ಕೂಟ ತನ್ನ ಉತ್ತರದ ನೆಲೆಯಿಂದ ನಾಲ್ಕು ಫಾಕ್ಸ್‌ಟ್ರಾಟ್‌ಗಳನ್ನು ಕಳಿಸಿತು. ಪ್ರತಿಯೊಂದರಲ್ಲೂ ಒಂದು ಅಣ್ವಸ್ತ್ರ ಟಾರ್ಪಿಡೊ. ಕಾಗದದ ಮೇಲೆ ಕ್ಯೂಬಾ ಅವುಗಳ ಅಳವಿನಲ್ಲೇ ಇತ್ತು, ಆ ಕಡೆಯ ಸಮುದ್ರವನ್ನು ತಲುಪಿದವು ಕೂಡ. ಆದರೆ ಅಲ್ಲಿ ಅಮೆರಿಕದ ವಿಮಾನಗಳೂ ಡಿಸ್ಟ್ರಾಯರ್‌ಗಳೂ ತಲೆಯ ಮೇಲೆಯೇ ಸುತ್ತುತ್ತಿದ್ದವು. ಅವುಗಳ ಕಣ್ಣಿಗೆ ಬೀಳದೆ ಉಸಿರಿಗಾಗಿ ಮೇಲೆ ಬರುವಂತಿರಲಿಲ್ಲ. ತಣ್ಣನೆಯ ಸಮುದ್ರಕ್ಕೆಂದು ಕಟ್ಟಿದ್ದ ಹಡಗುಗಳು ಬೆಚ್ಚನೆಯ ನೀರಿನಲ್ಲಿ ಒಲೆಯಂತಾದವು. ಒಳಗಿನ ತಾಪ 45 ಡಿಗ್ರಿ ದಾಟಿತು. ಕುಡಿಯುವ ನೀರಿಗೂ ಅಳತೆ. ಬಿ-59 ಎಂಬ ಹಡಗನ್ನು ಅಕ್ಟೋಬರ್ 27ರಂದು ಅಮೆರಿಕನ್ನರು ಸುತ್ತುವರಿದು ಎಚ್ಚರಿಕೆಯ ಸಣ್ಣ ಸಿಡಿಗುಂಡುಗಳನ್ನು ನೀರಿಗೆ ಹಾಕಿದಾಗ, ಯುದ್ಧ ಶುರುವಾಗಿಬಿಟ್ಟಿದೆ ಎಂದು ಕ್ಯಾಪ್ಟನ್ ಸಾವಿಟ್‌ಸ್ಕಿ ಭಾವಿಸಿ ಅಣ್ವಸ್ತ್ರ ಟಾರ್ಪಿಡೊ ಸಿದ್ಧಪಡಿಸಲು ಹೇಳಿದರೆಂದು ಒಳಗಿದ್ದವರು ಮುಂದೆ ನೆನಪಿಸಿಕೊಂಡಿದ್ದಾರೆ. ಅದೇ ಹಡಗಿನಲ್ಲಿದ್ದ ಹಿರಿಯ ಅಧಿಕಾರಿ ವಾಸಿಲಿ ಅರ್ಕಿಪೊವ್ ಒಪ್ಪಲಿಲ್ಲ, ಸಮಾಧಾನಪಡಿಸಿದರು. ಕೊನೆಗೆ ಬ್ಯಾಟರಿ ಬರಿದಾಗಿ ಬಿ-59 ಶತ್ರುಗಳ ನಡುವೆಯೇ ಮೇಲೆದ್ದು ಬಂತು. ಆ ರಾತ್ರಿ ಜಗತ್ತು ಎಷ್ಟು ಹತ್ತಿರಕ್ಕೆ ಹೋಗಿ ಮರಳಿತು ಎಂಬುದನ್ನು ಓದಿದಾಗಲೆಲ್ಲ ನನಗೆ ಮೈ ನಡುಗುತ್ತದೆ. ರಾಜಕೀಯದ ಕಾರಣಗಳು ನೂರಿರಬಹುದು. ಒಳಗಿದ್ದ ಮನುಷ್ಯರ ತಾಳ್ಮೆಯನ್ನು ಕರಗಿಸಿದ್ದು ಗಾಳಿಯಿಲ್ಲದ ಆ ಸೆಕೆ, ಇಳಿಯುತ್ತಿದ್ದ ಆ ಬ್ಯಾಟರಿ.

ತಪ್ಪು ಕಲ್ಪನೆ: ಅಣುಶಕ್ತಿಯ ಸಬ್‌ಮರೀನ್ ಬಂದ ಮೇಲೆ ಡೀಸೆಲ್‌ನವು ಹಳೆಯ ಸರಕು.

ವೇಗದಲ್ಲಿ, ಮುಳುಗಿರುವ ಅವಧಿಯಲ್ಲಿ ಅಣುಶಕ್ತಿಗೆ ಸಾಟಿಯಿಲ್ಲ, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಅಣುಸ್ಥಾವರವನ್ನು ತಂಪಾಗಿಡುವ ಪಂಪುಗಳು, ಉಗಿಯ ಟರ್ಬೈನುಗಳು ಸದಾ ಒಂದಿಷ್ಟು ಸದ್ದು ಮಾಡುತ್ತಲೇ ಇರುತ್ತವೆ. ಬ್ಯಾಟರಿಯ ಮೇಲೆ ಮೆಲ್ಲಗೆ ತೆವಳುವ ಡೀಸೆಲ್ ಸಬ್‌ಮರೀನ್‌ನಲ್ಲಿ ತಿರುಗುವುದು ಮೋಟಾರು ಮಾತ್ರ. ಕರಾವಳಿಯ ಆಳವಿಲ್ಲದ ನೀರಿನಲ್ಲಿ ಕಾದು ಕೂರುವ ಕೆಲಸಕ್ಕೆ ಅದಕ್ಕಿಂತ ಮೌನಿ ಸಿಗುವುದು ಕಷ್ಟ.

ಈ ಮೌನದ ಬೆಲೆಯನ್ನು ನಾವೇ ತೆತ್ತಿದ್ದೇವೆ. ಪಾಕಿಸ್ತಾನದೊಡನೆ ಯುದ್ಧ ನಡೆಯುತ್ತಿದ್ದ 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿಯ ಸಮುದ್ರದಲ್ಲಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿದ್ದು ಪಾಕಿಸ್ತಾನದ ಹಂಗೋರ್, ಫ್ರಾನ್ಸ್ ಕಟ್ಟಿದ ಒಂದು ಸಣ್ಣ ಡೀಸೆಲ್ ಸಬ್‌ಮರೀನ್. ಖುಕ್ರಿ ಸಬ್‌ಮರೀನ್ ಬೇಟೆಗೆಂದೇ ಇದ್ದ ಫ್ರಿಗೇಟ್. ಹಂಗೋರನ್ನೇ ಹುಡುಕುತ್ತ ಹೋಗಿತ್ತು. 18 ಅಧಿಕಾರಿಗಳು, 176 ನಾವಿಕರು ಮಡಿದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಇಳಿಯಲಿಲ್ಲ. ಎರಡನೇ ಮಹಾಯುದ್ಧದ ನಂತರ ಸಬ್‌ಮರೀನ್ ಒಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು. ಮುಂದೆ ಅಮೆರಿಕ 2005ರಲ್ಲಿ ಸ್ವೀಡನ್ನಿನ ಗೋಟ್‌ಲ್ಯಾಂಡ್ ಎಂಬ ಡೀಸೆಲ್ ಸಬ್‌ಮರೀನನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ಪಡೆದು ಎರಡು ವರ್ಷ ಸ್ಯಾನ್ ಡಿಯಾಗೊದಲ್ಲಿ ಇಟ್ಟುಕೊಂಡಿತು. ಅಂಥದನ್ನು ಪತ್ತೆಮಾಡುವುದು ಹೇಗೆಂದು ತನ್ನ ನೌಕಾಪಡೆಗೆ ಕಲಿಸುವುದಕ್ಕಾಗಿ.

ತಪ್ಪು ಕಲ್ಪನೆ: ಸಬ್‌ಮರೀನ್‌ನವರಿಗೆ ಹೊರಗಿನ ಸಮುದ್ರ ಕಾಣುತ್ತದೆ.

ಕಿಟಕಿ ಇಲ್ಲ. ಫಾಕ್ಸ್‌ಟ್ರಾಟ್ ಇಳಿಯಬಲ್ಲ 280 ಮೀಟರ್ ಆಳದಲ್ಲಿ ಮೈಯ ಪ್ರತಿ ಚದರ ಸೆಂಟಿಮೀಟರ್ ಮೇಲೂ ಸುಮಾರು 28 ಕಿಲೋ ಭಾರ ಕೂರುತ್ತದೆ. ಗಾಜಿಟ್ಟು ನೋಡುವ ಜಾಗವಲ್ಲ. ಅಲ್ಲಿ ಕಣ್ಣಿನ ಕೆಲಸವನ್ನು ಕಿವಿ ಮಾಡುತ್ತದೆ.

ಆ ಕೇಳುವಿಕೆಯೂ ನೇರವಲ್ಲ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ನೀರಿನ ಬಿಸಿ, ಉಪ್ಪು, ಆಳ ಬದಲಾದಂತೆಲ್ಲ ಅದರ ದಾರಿ ಬಾಗುತ್ತದೆ. ಬಿಸಿಲಿಗೆ ಕಾದ ಮೇಲ್ಪದರದ ಕೆಳಗೆ ತಣ್ಣೀರು ಶುರುವಾಗುವ ಗಡಿಯಿದೆಯಲ್ಲ, ಅದರ ಕೆಳಗೆ ಸೇರಿಕೊಂಡ ಸಬ್‌ಮರೀನನ್ನು ಮೇಲಿನ ಹಡಗಿನ ಸೋನಾರ್, ಅಂದರೆ ಸದ್ದಿನಿಂದ ಪತ್ತೆಹಚ್ಚುವ ಸಾಧನ, ಕೇಳದೆ ಹೋಗಬಹುದು. ನಮ್ಮ ಎರಡು ಸಮುದ್ರಗಳ ಸ್ವಭಾವ ಬೇರೆಬೇರೆ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಮೇಲ್ಪದರವನ್ನು ಕದಡಿ ಆ ಗಡಿಯನ್ನು ಕೆಳಕ್ಕೆ ತಳ್ಳುತ್ತದೆ. ಬಂಗಾಳಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಗೋದಾವರಿ ಸಿಹಿನೀರು ಸುರಿಯುತ್ತವೆ. ಉಪ್ಪು ಕಡಿಮೆಯಾದ ಹಗುರ ನೀರು ಮೇಲೆಯೇ ತೇಲುತ್ತದೆ. ಸಬ್‌ಮರೀನಿನ ಕ್ಯಾಪ್ಟನ್‌ಗೆ ಇದೆಲ್ಲ ಬೆಟ್ಟ, ಕಣಿವೆ, ಪೊದೆ ಇದ್ದಂತೆ. ಎಲ್ಲಿ ಅಡಗಬೇಕೆಂದು ಅವನು ನೀರಿನ ಗುಣ ನೋಡಿ ನಿರ್ಧರಿಸುತ್ತಾನೆ.

ತಪ್ಪು ಕಲ್ಪನೆ: ಸಬ್‌ಮರೀನ್‌ಗಳು ಸಿನಿಮಾದಲ್ಲಿ ತೋರಿಸುವಂತೆ ನೀರಿನಡಿಯಲ್ಲಿ ಪರಸ್ಪರ ಕಾದಾಡುತ್ತವೆ.

2017ರಲ್ಲಿ ಬಂದ ‘ಘಾಜಿ’ ಚಿತ್ರದಲ್ಲಿ ಭಾರತದ ಸಬ್‌ಮರೀನೊಂದು ಪಾಕಿಸ್ತಾನದ ಘಾಜಿ ಎಂಬ ಸಬ್‌ಮರೀನಿನೊಡನೆ ನೀರಿನಡಿಯಲ್ಲಿ ಸೆಣಸುತ್ತದೆ. 1971ರ ಡಿಸೆಂಬರ್ 3-4ರ ನಡುರಾತ್ರಿ ಘಾಜಿ ವಿಶಾಖಪಟ್ಟಣದ ಹೊರಗೆ ಮುಳುಗಿದ್ದು ನಿಜ. ಅದನ್ನು ಐಎನ್‌ಎಸ್ ರಜಪೂತ್ ಎಂಬ ಡಿಸ್ಟ್ರಾಯರ್ ಮುಳುಗಿಸಿತೆಂದು ನಮ್ಮ ನೌಕಾಪಡೆ ಹೇಳುತ್ತದೆ. ಪಾಕಿಸ್ತಾನ ಆಕಸ್ಮಿಕ ಸ್ಫೋಟ ಎನ್ನುತ್ತದೆ. ಭಾರತದ ಸಬ್‌ಮರೀನ್ ಈ ಎರಡು ವಿವರಣೆಗಳಲ್ಲೂ ಇಲ್ಲ. ಆ ಯುದ್ಧದಲ್ಲಿ ನಮ್ಮ ಕುರ್ಸುರಾ ಗಸ್ತು ತಿರುಗುತ್ತಿದ್ದದ್ದು ಅರಬ್ಬಿ ಸಮುದ್ರದಲ್ಲಿ.

ಎರಡೂ ಮುಳುಗಿರುವಾಗ ಒಂದು ಸಬ್‌ಮರೀನ್ ಇನ್ನೊಂದನ್ನು ಯುದ್ಧದಲ್ಲಿ ಹೊಡೆದು ಮುಳುಗಿಸಿದ ದಾಖಲೆ ಇತಿಹಾಸದಲ್ಲಿ ಒಂದೇ ಒಂದು. 1945ರ ಫೆಬ್ರವರಿ 9ರಂದು ನಾರ್ವೆಯ ಕರಾವಳಿಯಲ್ಲಿ ಬ್ರಿಟನ್ನಿನ ವೆಂಚರರ್, ಜರ್ಮನಿಯ ಯು-864 ಅನ್ನು ಮುಳುಗಿಸಿತು. ಆ ಜರ್ಮನ್ ಹಡಗೂ ದೂರಗಾಮಿ ಡೀಸೆಲ್ ಸಬ್‌ಮರೀನೇ, ಪಾದರಸ ತುಂಬಿಕೊಂಡು ಜಪಾನಿನವರೆಗೆ ಹೊರಟಿತ್ತು. ಅದನ್ನು ಹಿಡಿದುಕೊಟ್ಟದ್ದು ಏನು? ಸ್ನಾರ್ಕೆಲ್ ಚಾಚಿ ಉಸಿರೆಳೆಯುತ್ತಿದ್ದ ಅದರ ಡೀಸೆಲ್ ಎಂಜಿನ್‌ನ ಸದ್ದು. ವೆಂಚರರ್‌ನ ಲೆಫ್ಟಿನೆಂಟ್ ಲಾಂಡರ್ಸ್ ಗಂಟೆಗಟ್ಟಲೆ ಸುಮ್ಮನೆ ಹಿಂಬಾಲಿಸಿ, ಎದುರಾಳಿ ಯಾವ ಆಳದಲ್ಲಿ ಎತ್ತ ತಿರುಗಬಹುದೆಂದು ಗಣಿಸಿ, ನಾಲ್ಕು ಟಾರ್ಪಿಡೊ ಬಿಟ್ಟರು. ನಾಲ್ಕನೆಯದು ತಾಗಿತು.

ತಪ್ಪು ಕಲ್ಪನೆ: ಸಬ್‌ಮರೀನ್‌ನಲ್ಲಿ ನಾವಿಕರಿಗೆ ರಾಜೋಪಚಾರ.

ಒಳ್ಳೆಯ ಊಟ ಕೊಡುತ್ತಾರೆ, ಅದು ನಿಜ, ಉಳಿದದ್ದು ಇಕ್ಕಟ್ಟು. ಫಾಕ್ಸ್‌ಟ್ರಾಟ್‌ನಲ್ಲಿ ಸುಮಾರು 75 ಮಂದಿ. ಸಿಹಿನೀರು ಅಳೆದು ಬಳಸಬೇಕು, ಸ್ನಾನದ ಮಾತು ದೂರ. ಪಾಳಿ ಮುಗಿಸಿ ಬಂದವನು ಎದ್ದುಹೋದವನ ಮೈಬಿಸಿ ಆರದ ಹಾಸಿಗೆಯಲ್ಲೇ ಮಲಗುವುದು ವಾಡಿಕೆ. ಬಟ್ಟೆಗೆ, ಕೂದಲಿಗೆ, ಚರ್ಮಕ್ಕೆ ಡೀಸೆಲ್ ವಾಸನೆ.

ತಪ್ಪು ಕಲ್ಪನೆ: ಹೊಸ ಸಬ್‌ಮರೀನ್‌ಗಳಿಗೆ ಈ ಉಸಿರಿನ ಚಿಂತೆ ಇಲ್ಲ.

ಕಲ್ವರಿ, ಖಂಡೇರಿ, ಕರಂಜ್, ವೇಲಾ ಎಂಬ ಹಳೆಯ ಫಾಕ್ಸ್‌ಟ್ರಾಟ್‌ಗಳ ಹೆಸರುಗಳು ಈಗ ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಹೊಸ ಹಡಗುಗಳಿಗೆ ಬಂದಿವೆ. ಫ್ರೆಂಚ್ ವಿನ್ಯಾಸದ ಆರು. ಮೊದಲನೆಯದು 2017ರ ಡಿಸೆಂಬರ್‌ನಲ್ಲಿ, ಆರನೆಯ ವಾಗ್‌ಶೀರ್ 2025ರ ಜನವರಿಯಲ್ಲಿ ಸೇವೆಗೆ ಸೇರಿದವು. 2022ರ ಮೇ 27ರಂದು ರಕ್ಷಣಾ ಸಚಿವ ರಾಜನಾಥ ಸಿಂಗ್ ನಮ್ಮ ಕಾರವಾರದ ನೌಕಾನೆಲೆಯಿಂದ ಖಂಡೇರಿ ಹತ್ತಿ ಸಮುದ್ರದಡಿಗೆ ಹೋಗಿ ಬಂದಾಗ ಪತ್ರಿಕೆಗಳಲ್ಲಿ ಚಿತ್ರ ನೋಡಿದವರು ಇದು ಹೊಸ ಯುಗದ ಬೇರೆಯೇ ಯಂತ್ರ ಎಂದುಕೊಂಡಿರಬಹುದು. ಸದ್ದು ಕಡಿಮೆ, ಸೋನಾರ್ ಚುರುಕು, ಸಿಬ್ಬಂದಿ ಹಳೆಯದರ ಅರ್ಧದಷ್ಟು. ಆದರೂ ಅದು ಡೀಸೆಲ್ ಮತ್ತು ಬ್ಯಾಟರಿಯ ಹಡಗೇ, ಸ್ನಾರ್ಕೆಲ್ ಚಾಚಲೇಬೇಕು. ಹೊರಗಿನ ಗಾಳಿ ಇಲ್ಲದೆ ವಿದ್ಯುತ್ ತಯಾರಿಸುವ ವ್ಯವಸ್ಥೆಯಿರುವ ಗೋಟ್‌ಲ್ಯಾಂಡ್‌ನಂಥವೂ ನಿಧಾನವಾಗಿ ಸಾಗಿದರೆ ಮಾತ್ರ ಎರಡು ವಾರ ಅಡಗಿರಬಲ್ಲವು; ಗಡುವು ದೂರವಾಯಿತೇ ಹೊರತು ಹೋಗಲಿಲ್ಲ.

ತಪ್ಪು ಕಲ್ಪನೆ: ಶಾಂತಿಕಾಲದಲ್ಲಿ ಸಬ್‌ಮರೀನಿಗೆ ಅಪಾಯವಿಲ್ಲ.

ಬ್ಯಾಟರಿ ತುಂಬುವಾಗ ಜಲಜನಕ ಹೊಮ್ಮುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ನಾಲ್ಕು ಮುಟ್ಟಿದರೆ ಒಂದು ಕಿಡಿ ಸಾಕು. ಉಪ್ಪುನೀರು ಆಮ್ಲಕ್ಕೆ ಬಿದ್ದರೆ ಕ್ಲೋರಿನ್ ವಿಷಾನಿಲ. ಯಾವ ಕೊಳವೆಯಿಂದ ಹಡಗು ಉಸಿರಾಡುತ್ತದೋ ಅದೇ ಕೊಳವೆಯಿಂದ ಸಾವೂ ಒಳಗೆ ಬರಬಹುದು.

ಅರ್ಜೆಂಟೀನಾದ ಸಾನ್ ಹುವಾನ್ ಜರ್ಮನಿಯಲ್ಲಿ ಕಟ್ಟಿದ ದೂರಗಾಮಿ ಡೀಸೆಲ್ ಸಬ್‌ಮರೀನ್. 2017ರ ನವೆಂಬರ್‌ನಲ್ಲಿ ದಕ್ಷಿಣದ ಉಶುವಾಯಾ ಕಡೆಯಿಂದ ಮಾರ್ ದೆಲ್ ಪ್ಲಾಟಾದ ತನ್ನ ನೆಲೆಗೆ ಮರಳುತ್ತಿತ್ತು. ಒಳಗೆ 44 ಮಂದಿ, ಅವರಲ್ಲಿ ಆ ದೇಶದ ಮೊದಲ ಮಹಿಳಾ ಸಬ್‌ಮರೀನ್ ಅಧಿಕಾರಿ ಎಲಿಯಾನಾ ಕ್ರಾವ್‌ಚಿಕ್. ಸಮುದ್ರ ಒರಟಾಗಿತ್ತು. ಗಾಳಿಯ ದಾರಿಯಿಂದ ನೀರು ನುಗ್ಗಿ ಮುಂಭಾಗದ ಬ್ಯಾಟರಿಗಳ ಕೋಣೆಗೆ ಇಳಿಯಿತು. ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಕಾಣಿಸಿತು. ಹಡಗಿನವರು ಇದನ್ನೆಲ್ಲ ದಡಕ್ಕೆ ವರದಿ ಮಾಡಿದರು. ಮುಂದಿನ ಬ್ಯಾಟರಿಗಳು ಕೆಲಸಕ್ಕಿಲ್ಲ, ಮುಳುಗಿಯೇ ಸಾಗುತ್ತಿದ್ದೇವೆ, ಸಿಬ್ಬಂದಿ ಕ್ಷೇಮ, ಮತ್ತೆ ತಿಳಿಸುತ್ತೇವೆ ಎಂಬುದು ನವೆಂಬರ್ 15ರ ಬೆಳಗಿನ ಆ ಸಂದೇಶದ ಸಾರ. ಹಡಗು ಸಿಕ್ಕಿದ್ದು ಒಂದು ವರ್ಷದ ಮೇಲೆ, 907 ಮೀಟರ್ ಆಳದಲ್ಲಿ.