ಮಾಳಿಗೆಯ ಮೇಲಿನ ಭಾರ

ಚಳಿಗಾಲದಲ್ಲಿ ದೂರದರ್ಶನದ ವಾರ್ತೆಗಳಲ್ಲಿ ಕಾಶ್ಮೀರದ ದೃಶ್ಯಗಳನ್ನು ನೀವು ನೋಡಿರಬಹುದು. ಮನೆಯವರು ಛಾವಣಿಯ ಮೇಲೆ ಬಿದ್ದ ಹಿಮವನ್ನು ಸಲಿಕೆಯಿಂದ ಕೆಳಗೆ ತಳ್ಳುತ್ತಿರುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ವಿದ್ಯಾರ್ಥಿ ಮಿತ್ರರಿಗೆ ಅದು ಚೆಂದದ ನೋಟ, ಅಷ್ಟೆ. ನಮ್ಮಲ್ಲಿ ಹಿಮವೆಲ್ಲಿದೆ? ಆದರೆ ಆ ಸಲಿಕೆ ಮಾಡುವ ಕೆಲಸ ಛಾವಣಿಯ ಭಾರ ಇಳಿಸುವುದು. ಅದು ನಮ್ಮ ಮಣ್ಣಿನ ಮಾಳಿಗೆಗಳಿಗೂ ಬೇಕಾದದ್ದೇ.

ಒಂದು ಸಣ್ಣ ಲೆಕ್ಕ ಮಾಡೋಣ. ಹೊಸದಾಗಿ ಬಿದ್ದ ಹಿಮ ಹಗುರ, ಒಂದು ಘನ ಮೀಟರಿಗೆ ಸುಮಾರು 100 ಕಿಲೋ. ಒಣ ಮಣ್ಣು ಸುಮಾರು 1,600 ಕಿಲೋ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯ ಮೇಲೆ 30 ಸೆಂಟಿಮೀಟರ್ ದಪ್ಪ ಮಣ್ಣಿದ್ದರೆ ಅದರ ತೂಕ 4,300 ಕಿಲೋ ದಾಟುತ್ತದೆ. ಮಳೆಯಲ್ಲಿ ಆ ಮಣ್ಣು ತನ್ನ ತೂಕದ ಹತ್ತನೇ ಒಂದು ಪಾಲು ನೀರು ಕುಡಿದರೂ ಇನ್ನೂ 430 ಕಿಲೋ ಸೇರಿತು. ಅರ್ಧ ಮೀಟರ್ ಹೊಸ ಹಿಮ ಬಿದ್ದಂತೆಯೇ ಲೆಕ್ಕ!

ಈ ಭಾರವನ್ನೆಲ್ಲ ಹೊರುವುದು ಜಂತಿಗಳು. ಅವುಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಕೆಲವೆಡೆ ಪರಸಿ ಕಲ್ಲು, ಅದರ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಹೊಲದಲ್ಲಿ ಚೌಳು ಕಂಡರೆ ರೈತ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ, ನೀರು ಇಂಗುವುದೇ ಇಲ್ಲ. ಮಾಳಿಗೆಗೆ ಬೇಕಾದದ್ದು ಅದೇ ಗುಣ. ಚೌಳಿನಲ್ಲಿರುವ ಸೋಡಿಯಂನಿಂದಾಗಿ ಜೇಡಿಯ ಕಣಗಳು ನೀರು ಬಿದ್ದೊಡನೆ ಒಂದಕ್ಕೊಂದು ಅಂಟದೆ ಚೆದುರಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ರಸಾಯನಶಾಸ್ತ್ರದ ಪುಸ್ತಕ ತೆರೆಯದೆಯೇ ನಮ್ಮ ಹಿರಿಯರು ಇದನ್ನು ಕಂಡುಕೊಂಡಿದ್ದರು.

ತೊಡಕು ಬರುವುದು ರಿಪೇರಿಯಲ್ಲಿ. ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ. ಎರಡು ಸೆಂಟಿಮೀಟರ್ ಹಾಕಿದರೆ ನಮ್ಮ ಕೋಣೆಯ ಮೇಲೆ 288 ಕಿಲೋ. ಹತ್ತು ವರ್ಷ ಹೀಗೇ ನಡೆದರೆ, ಕೊಚ್ಚಿಹೋದದ್ದನ್ನು ಕಳೆದರೂ, ಉಳಿಯುವ ಭಾರ ಸಣ್ಣದಲ್ಲ. ಜಂತಿ ಮಾತ್ರ ಅದೇ ಹಳೆಯದು. ಗೋಡೆಯೊಳಗೆ ಸೇರಿದ ಅದರ ತುದಿ ತೇವದಿಂದ ಕೊಳೆತಿರಬಹುದು, ಗೆದ್ದಲು ತಿಂದಿರಬಹುದು.

ಬೀದರಿನ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಬಳಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾದಾಗ ಏಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆ, ಅದರ ಮೇಲಿನ ದಪ್ಪ ಮಣ್ಣಿನ ಛಾವಣಿ. ಮಾಳಿಗೆ ಬೀಳಲು ಭೂಕಂಪವೇ ಬೇಕೆಂದೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಗೆ ಉತ್ತರ ಕರ್ನಾಟಕದಲ್ಲಿ ಸಾವಿರಾರು ಮನೆಗಳು ಕುಸಿದವು.

ಆದ್ದರಿಂದ ಬೇಸಿಗೆಯಲ್ಲಿಯೇ ಹಳೆಯ ಮಣ್ಣನ್ನು ಕೆರೆದು ತೆಗೆದು, ಆಮೇಲೆ ಚೌಳು ಹಾಕಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಮಧ್ಯದಲ್ಲಿ ಗುಡ್ಡೆ ಹಾಕದೆ ಆಗಿಂದಾಗಲೇ ಕೆಳಗಿಳಿಸಬೇಕು. ಹುಲ್ಲು ಬೆಳೆದಿದ್ದರೆ ಬೇರುಸಹಿತ ಕೀಳಿ, ಬೇರಿನ ದಾರಿಯೇ ನೀರಿನ ದಾರಿ. ನೀರು ಹೊರಗೆ ಬೀಳುವ ನಾಳದ ಕಡೆಗೆ ಇಳಿಜಾರಿರಲಿ. ಪ್ಲಾಸ್ಟಿಕ್ ಹಾಳೆ ಹಾಸಿದರೂ ಇಳಿಜಾರಿಲ್ಲದಿದ್ದರೆ ಪ್ರಯೋಜನ ಕಡಿಮೆ. ಒಂದು ಸೆಂಟಿಮೀಟರ್ ನಿಂತ ನೀರು ಪ್ರತಿ ಚದರ ಮೀಟರಿಗೆ ಹತ್ತು ಕಿಲೋ ತೂಗುತ್ತದೆ.

ಜಂತಿ ಬಾಗಿದ್ದರೆ, ಲಟಲಟ ಸದ್ದು ಬಂದರೆ, ಮಣ್ಣು ಉದುರತೊಡಗಿದರೆ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಅಂಥ ಮಾಳಿಗೆಯ ಮೇಲೆ ಹತ್ತುವುದೂ ಬೇಡ. ಮಳೆ ನಿಂತಿತೆಂದು ಒಳಗೆ ಹೋಗುವ ಆತುರವಂತೂ ಬೇಡವೇ ಬೇಡ, ಕುಡಿದ ನೀರು ಇನ್ನೂ ಮಣ್ಣಿನಲ್ಲೇ ಇರುತ್ತದೆ, ಗೋಡೆಯೂ ಮೆತ್ತಗಾಗಿರುತ್ತದೆ.

ನಿಮ್ಮ ಮಾಳಿಗೆಯ ಮಣ್ಣು ಎಷ್ಟು ದಪ್ಪವಿದೆ ಎಂದು ತಿಳಿಯಲು ಅಗೆಯಬೇಕಿಲ್ಲ. ಬೆಳಕಿಂಡಿಯ ಅಂಚಿನಲ್ಲಿ ಅದು ಕಾಣುತ್ತದೆ. ಮಾಳಿಗೆ ಗಟ್ಟಿಯಾಗಿದ್ದರೆ ದೊಡ್ಡವರೊಬ್ಬರಿಂದ ಅಲ್ಲಿ ಅಳತೆ ಪಟ್ಟಿ ಹಿಡಿಸಿ ನೋಡಿ. ಕೋಣೆಯ ಉದ್ದ, ಅಗಲ, ಮಣ್ಣಿನ ದಪ್ಪ ಮೂರನ್ನೂ ಮೀಟರಿನಲ್ಲಿ ಬರೆದು ಗುಣಿಸಿ, ಬಂದದ್ದನ್ನು 1,600ರಿಂದ ಗುಣಿಸಿದರೆ ನಿಮ್ಮ ಮನೆಯ ಜಂತಿಗಳು ಒಣ ದಿನದಲ್ಲಿ ಎಷ್ಟು ಕಿಲೋ ಹೊತ್ತಿವೆ ಎಂಬುದು ಸಿಗುತ್ತದೆ.